ಕ್ಯಾಟ್‌ಫಿಶ್‌ಗೆ ಹುಷಾರಿಲ್ಲ ಅಂದ್ರೆ ಮೊದಲು ನೀರು ನೋಡಿ

ಈ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ ದುಡ್ಡು-ಕಾಸಿನ ವಿಷಯ ಮಾತಾಡ್ತೀವಿ. ಇವತ್ತು ಮೀನಿನ ವಿಷಯ. ಸರಿಯಾಗಿ ಹೇಳಬೇಕು ಅಂದ್ರೆ, ನಾನು ಒಂದು ಮೀನನ್ನ ಸಾಯಿಸಿದ ವಿಷಯ.

ಅಕ್ವೇರಿಯಂ ನನ್ನದಲ್ಲ, ಅಪ್ಪನದು. ರಿಟೈರ್ ಆದಮೇಲೆ ತಂದಿಟ್ಟುಕೊಂಡಿದ್ದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಅದರಲ್ಲಿ ಆರು ಕೋರಿ ಕ್ಯಾಟ್‌ಫಿಶ್. ಅಂಗಡಿಯವರು ಕೋರಿ ಅನ್ನೋದು ಕಾರಿಡೋರಾಸ್ ಜಾತಿಗೆ. ಹೆಬ್ಬೆರಳು ಗಾತ್ರದ, ಕಂಚಿನ ಬಣ್ಣದ, ಮೀಸೆ ಇರುವ ಮೀನು. ಮೂಲ ದಕ್ಷಿಣ ಅಮೆರಿಕ. ಅಪ್ಪ-ಅಮ್ಮ ಹನ್ನೆರಡು ದಿನ ಕಾಶಿ ಕಡೆ ಹೊರಟಾಗ ಫ್ರಿಡ್ಜ್ ಮೇಲೆ ಒಂದು ಚೀಟಿ ಅಂಟಿಸಿದ್ರು: ದಿನಕ್ಕೆ ಒಂದು ಸಲ ಊಟ, ಲೈಟ್ ಎಂಟು ಗಂಟೆ, ಫಿಲ್ಟರ್ ಕ್ಲೀನ್.

ನಾನು ಎರಡನೇ ದಿನವೇ ಫಿಲ್ಟರ್ ಕ್ಲೀನ್ ಮಾಡಿದೆ. ಸ್ಪಾಂಜ್ ತೆಗೆದು, ಸಿಂಕ್‌ನ ನಲ್ಲಿ ಕೆಳಗೆ ಹಿಡಿದು, ಕಂದು ಬಣ್ಣದ ಲೋಳೆ ಎಲ್ಲಾ ಹೋಗೋ ತನಕ ಹಿಂಡಿ ಹಿಂಡಿ ತೊಳೆದೆ. ಹೊಸದರ ಥರ ಆಯ್ತು. ಫೋಟೋ ತೆಗೆದು ಅಪ್ಪನಿಗೆ ಕಳಿಸಬೇಕು ಅಂದ್ಕೊಂಡೆ, ಮರೆತೆ.

ಐದನೇ ದಿನ ಒಂದು ಕೋರಿ ಮೂಲೆಯಲ್ಲಿ ಸ್ವಲ್ಪ ವಾಲಿಕೊಂಡು ಕೂತಿತ್ತು. ರೆಕ್ಕೆ ಮೈಗೆ ಅಂಟಿಸಿಕೊಂಡಿತ್ತು, ಕಿವಿರು ಬೇಗ ಬೇಗ ಬಡಿದುಕೊಳ್ತಿತ್ತು, ಹೊಟ್ಟೆ ಕೆಳಗೆ ಕೆಂಪು ಗೆರೆ. ಉಳಿದವು ಪದೇ ಪದೇ ಮೇಲಕ್ಕೆ ಹಾರಿ ಗಾಳಿ ನುಂಗಿ ಕೆಳಗೆ ಬರ್ತಿದ್ವು.

ಇಲ್ಲಿ ಒಂದು ವಿಷಯ ತಿಳ್ಕೊಳ್ಳಿ. ಕೋರಿ ಆಗಾಗ ಮೇಲೆ ಬಂದು ಗಾಳಿ ನುಂಗೋದು ಸಹಜ. ಆ ಗಾಳಿಯಲ್ಲಿರುವ ಆಮ್ಲಜನಕವನ್ನ ಕರುಳಿನ ಮೂಲಕವೇ ಹೀರಿಕೊಳ್ಳುತ್ತೆ. ನಮ್ಮ ಹಳ್ಳ-ಗದ್ದೆಯ ಮುರುಗೋಡು ಮೀನಿಗೂ ಗಾಳಿ ಕುಡಿಯೋ ಅಭ್ಯಾಸ ಉಂಟು, ದಾರಿ ಮಾತ್ರ ಬೇರೆ. ಆದ್ರೆ ಗಂಟೆಗೊಂದು ಎರಡು ಸಲ ಹೋಗೋದು ಬೇರೆ, ನಿಮಿಷ ನಿಮಿಷಕ್ಕೂ ಓಡೋದು ಬೇರೆ. ಹಾಗೆ ಓಡ್ತಿದೆ ಅಂದ್ರೆ ಕಿವಿರಿನ ಕೆಲಸ ನಡೀತಿಲ್ಲ ಅಂತ ಅರ್ಥ.

ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಹತ್ತಿರದ ಅಂಗಡಿಗೆ ಓಡಿದೆ. ಒಂದು ನೀಲಿ ಔಷಧಿ ಕೊಟ್ಟು, ಲೇಬಲ್ ಮೇಲೆ ಬರೆದ ಹಾಗೆ ಹಾಕಿ ಅಂದ್ರು. ಮೆಥಿಲೀನ್ ಬ್ಲೂ. ಟ್ಯಾಂಕ್ ಲೆಕ್ಕ ಹಾಕಿದೆ: 56 ಲೀಟರ್. ಅಷ್ಟಕ್ಕೆ ಎಷ್ಟೋ ಅಷ್ಟು ಹಾಕಿದೆ. ಮರಳು, ಕಲ್ಲು, ಮೇಲೆ ಬಿಟ್ಟ ಎರಡು ಇಂಚು ಕಳೆದರೆ ನಿಜವಾಗಿ ಅದರಲ್ಲಿದ್ದ ನೀರು ನಲವತ್ತೈದು ಲೀಟರ್ ದಾಟಲ್ಲ. ಬಿ.ಕಾಂ ಓದಿ ಗ್ರಾಸ್‌ಗೂ ನೆಟ್‌ಗೂ ವ್ಯತ್ಯಾಸ ಮಾಡಲಿಲ್ಲ ನಾನು. ಬೆಳಿಗ್ಗೆ ಎದ್ದು ನೋಡಿದರೆ ವಾಲಿಕೊಂಡಿದ್ದ ಮೀನು ಸತ್ತಿತ್ತು. ಇನ್ನೆರಡು ಅದೇ ಥರ ವಾಲಿದ್ವು.

ಆಗ ನೆನಪಾಗಿದ್ದು ಸ್ನೇಹಿತನ ಅಕ್ಕ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವರು. ಫೋನಲ್ಲಿ ನಾನು ಲಕ್ಷಣ ಎಲ್ಲಾ ಹೇಳಿ ಮುಗಿಸೋಕೆ ಮುಂಚೆಯೇ ಕೇಳಿದ್ರು: "ಎಂತ ಮಾರಾಯ, ನೀರು ಟೆಸ್ಟ್ ಮಾಡಿದ್ಯಾ ನೀನು?"

ಮಾಡಿರಲಿಲ್ಲ. ಕಿಟ್ ತಂದು ಮಾಡಿದೆ. ಅಮೋನಿಯ ಪರೀಕ್ಷೆಯಲ್ಲಿ ನೀರು ಹಳದಿಯಾಗೇ ಉಳಿದರೆ ಸೊನ್ನೆ, ಹಸಿರಾದಷ್ಟೂ ಕೆಟ್ಟದ್ದು. ನಮ್ಮದು ಚೆನ್ನಾಗೇ ಹಸಿರಾಯ್ತು. 2 ಪಿಪಿಎಂ. ಇರಬೇಕಾದ್ದು ಸೊನ್ನೆ.

ಆಮೇಲೆ ಅಕ್ಕ ವಿವರಿಸಿದ್ದನ್ನ ನನ್ನ ಭಾಷೆಯಲ್ಲಿ ಹೇಳ್ತೀನಿ. ಮೀನು ದಿನವಿಡೀ ಅಮೋನಿಯ ಹೊರಗೆ ಬಿಡುತ್ತೆ, ಹೆಚ್ಚಿನ ಪಾಲು ಕಿವಿರಿನಿಂದಲೇ. ಉಳಿದ ಊಟ ಕೊಳೆತರೂ ಅಮೋನಿಯ. ಫಿಲ್ಟರ್ ಸ್ಪಾಂಜ್‌ನಲ್ಲಿ ವಾಸ ಮಾಡೋ ಬ್ಯಾಕ್ಟೀರಿಯಾಗಳಲ್ಲಿ ಒಂದು ಗುಂಪು ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಗುಂಪು ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ. ಅಮೋನಿಯ ಕಿವಿರನ್ನ ಸುಡುತ್ತೆ. ನೈಟ್ರೈಟ್ ರಕ್ತಕ್ಕೆ ಸೇರಿ ಆಮ್ಲಜನಕ ಹೊರೋ ಶಕ್ತಿಯನ್ನೇ ಕಸಿಯುತ್ತೆ, ರಕ್ತ ಕಂದು ಬಣ್ಣಕ್ಕೆ ತಿರುಗುತ್ತೆ. ನೈಟ್ರೇಟ್ ಅಷ್ಟು ಅಪಾಯ ಅಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಸಾಕು. ಅಂದ್ರೆ ನಾನು ಕೊಳೆ ಅಂತ ತೊಳೆದುಹಾಕಿದ ಆ ಕಂದು ಲೋಳೆ ಆ ಟ್ಯಾಂಕಿನ ಲಿವರ್ ಇದ್ದ ಹಾಗೆ. ನಲ್ಲಿ ನೀರಿಗೆ ಕ್ಲೋರಿನ್ ಹಾಕೋದೇ ಬ್ಯಾಕ್ಟೀರಿಯಾ ಕೊಲ್ಲೋಕೆ. ಅದು ತನ್ನ ಕೆಲಸ ಮಾಡ್ತು. ಅಳಿದುಳಿದದ್ದರ ಮೇಲೆ ನೀಲಿ ಔಷಧಿ ಬಿತ್ತು. ಮೆಥಿಲೀನ್ ಬ್ಲೂ ಕೂಡ ಆ ಬ್ಯಾಕ್ಟೀರಿಯಾಕ್ಕೆ ಆಗಲ್ಲ.

ಇನ್ನೊಂದು ಸಂಗತಿ, ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸೋರು ಗಮನಿಸಿ. ಅಮೋನಿಯ ಎಷ್ಟು ವಿಷ ಅನ್ನೋದು ಪಿಎಚ್ ಮೇಲೆ ನಿಂತಿದೆ. ಪಿಎಚ್ 7ರಿಂದ 8ಕ್ಕೆ ಹೋದರೆ ಅದರ ವಿಷಕಾರಿ ಭಾಗ ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತೆ. ಗಡಸು ನೀರಿನಲ್ಲಿ ಪಿಎಚ್ ಸಾಮಾನ್ಯವಾಗಿ ಜಾಸ್ತಿ ಇರುತ್ತೆ.

ಸರಿ, ಮಾಡಿದ್ದೇನು? ಅರ್ಧ ನೀರು ತೆಗೆದು ಹೊಸ ನೀರು. 2 ಇದ್ದದ್ದು 1 ಆಯ್ತು. ಸಂಜೆ ಮತ್ತೆ ಅರ್ಧ. ಲೆಕ್ಕದ ಪ್ರಕಾರ 0.5 ಆಗಬೇಕು, ಆದ್ರೆ ಮೀನುಗಳು ಮಧ್ಯದಲ್ಲಿ ಹೊಸದಾಗಿ ಜಮಾ ಮಾಡ್ತಾನೇ ಇರ್ತವಲ್ಲ, ಸ್ವಲ್ಪ ಜಾಸ್ತಿನೇ ಬಂತು. ಹಾಗಾಗಿ ಮುಂದಿನ ದಿನಗಳಲ್ಲೂ ಬೆಳಿಗ್ಗೆ ಟೆಸ್ಟ್, ಆಮೇಲೆ ಬಕೆಟ್. ಪ್ರತಿ ಬಕೆಟ್‌ಗೂ ಮೊದಲು ಆಂಟಿ ಕ್ಲೋರಿನ್ ಹನಿ. ಸಾಮಾನ್ಯವಾಗಿ ಅದರಲ್ಲಿರೋದು ಸೋಡಿಯಂ ಥಯೋಸಲ್ಫೇಟ್, ಅದು ಕ್ಲೋರಿನ್ ತೆಗೆಯುತ್ತೆ, ಅಮೋನಿಯ ತೆಗೆಯಲ್ಲ. ಹೊಸ ನೀರಿನ ಬಿಸಿ ಹಳೇ ನೀರಿನಷ್ಟೇ ಇರಬೇಕು, ಕೈ ಅದ್ದಿ ನೋಡಿದರೆ ಗೊತ್ತಾಗುತ್ತೆ. ಏರ್ ಪಂಪ್ ಇಡೀ ದಿನ ಓಡ್ತಿತ್ತು. ಎರಡು ದಿನ ಊಟ ಬಂದ್. ಅಮ್ಮ ಊರಲ್ಲಿದ್ದಿದ್ರೆ ಇದಕ್ಕೆ ಒಪ್ತಿರಲಿಲ್ಲ, ಆದ್ರೆ ಮೀನಿಗೆ ಎರಡು ದಿನದ ಉಪವಾಸ ಏನೂ ಅಲ್ಲ. ಸ್ನೇಹಿತನ ಮನೆಯ ಹಳೇ ಟ್ಯಾಂಕಿಂದ ಒಂದು ಕೊಳಕು ಸ್ಪಾಂಜ್ ತುಂಡನ್ನ ಒದ್ದೆಯಾಗೇ ಕವರ್‌ನಲ್ಲಿ ತಂದು ನಮ್ಮ ಫಿಲ್ಟರ್‌ಗೆ ತುರುಕಿದೆ. ಹೆಪ್ಪು ಹಾಕಿದ ಹಾಗೆ.

ಕಾಯಿಲೆ ಮೀನನ್ನ ಬೇರೆ ಟಬ್‌ಗೆ ಹಾಕ್ಲಾ ಅಂತ ಕೇಳಿದೆ. ಬೇಡ ಅಂದ್ರು. ಎಲ್ಲವೂ ಒಟ್ಟಿಗೆ ಏದುಸಿರು ಬಿಡ್ತಿದ್ರೆ ತೊಂದರೆ ನೀರಿನದು, ಎತ್ತೋದ್ರಿಂದ ಗಾಬರಿಯಷ್ಟೇ. ನೀರು ಸರಿ ಇದ್ದು ಒಂದೇ ಮೀನಿಗೆ ಗಾಯ, ಹತ್ತಿಯಂಥ ಬೂಸ್ಟು ಇದ್ದಾಗ ಟಬ್. ಎತ್ತಲೇಬೇಕಾದ್ರೆ ಬಲೆ ಬದಲು ಡಬ್ಬಿಯಲ್ಲಿ ಎತ್ತಿ. ಕೋರಿಯ ರೆಕ್ಕೆಯಲ್ಲಿ ಮುಳ್ಳಿದೆ, ಬಲೆಗೆ ಸಿಕ್ಕಿಹಾಕ್ಕೊಂಡ್ರೆ ಬಿಡಿಸೋದು ಕಷ್ಟ, ಕೈಗೂ ಚುಚ್ಚುತ್ತೆ.

ಔಷಧಿ ಬೇಡವೇ ಬೇಡ ಅಂತಲ್ಲ. ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದ್ರೆ ಅದು ಇಕ್ ಅನ್ನೋ ಪರಾವಲಂಬಿ, ಅದಕ್ಕೆ ಔಷಧಿ ಬೇಕು. ಆದ್ರೆ ಚುಕ್ಕೆಯೊಳಗೆ ಇರೋವಾಗ ಅದಕ್ಕೆ ಔಷಧಿ ತಾಗಲ್ಲ. ಉದುರಿ, ತಳದಲ್ಲಿ ಒಡೆದು, ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತೆ. ಅದಕ್ಕೇ ಚುಕ್ಕೆ ಮಾಯವಾದ ಮೇಲೂ ಕೆಲವು ದಿನ ಮುಂದುವರಿಸಬೇಕು. ಕ್ಯಾಟ್‌ಫಿಶ್‌ಗೆ ಬೇರೆ ಮೀನಿನ ಥರ ಹುರುಪೆ ಇಲ್ಲ. ಕೋರಿಗೆ ಎಲುಬಿನ ತಟ್ಟೆಗಳಿವೆ, ಹೊಟ್ಟೆ ಕಡೆ ಮೆತ್ತಗೆ. ತಾಮ್ರ, ಫಾರ್ಮಾಲಿನ್, ಮಲಕೈಟ್ ಗ್ರೀನ್ ಇರೋ ಔಷಧಿ ಇವಕ್ಕೆ ಬೇಗ ಜಾಸ್ತಿಯಾಗುತ್ತೆ. ಅರ್ಧ ಡೋಸ್‌ನಿಂದ ಶುರು ಮಾಡೋದು ರೂಢಿ, ಅದೂ ನಿಜವಾದ ನೀರಿನ ಲೆಕ್ಕಕ್ಕೆ. ಒಂದು ಹಿಡಿ ಕಲ್ಲುಪ್ಪು ಹಾಕು ಅಂತ ನಮ್ಮ ಪಕ್ಕದ ಮನೆ ಅಂಕಲ್ ಹೇಳಿದ್ರು. ಗೋಲ್ಡ್‌ಫಿಶ್ ತಡಕೊಳ್ಳೋ ಉಪ್ಪನ್ನ ಕೋರಿ ತಡಕೊಳ್ಳಲ್ಲ. ಇನ್ನು ಮೆಡಿಕಲ್ ಶಾಪ್ ಕ್ಯಾಪ್ಸೂಲ್ ಒಡೆದು ಸುರಿಯೋದು, ದಯವಿಟ್ಟು ಬೇಡ.

ನನಗೆ ಸಿಟ್ಟು ಬರೋ ಮಾತು ಇನ್ನೊಂದು: "ಇವು ಕ್ಲೀನರ್ ಫಿಶ್ ಸರ್, ಕೊಳೆ ತಿಂದ್ಕೊಂಡಿರುತ್ತೆ." ಕೊಳೆ ತಿನ್ನಲ್ಲ. ಬೇರೆ ಮೀನು ಬಿಟ್ಟ ಊಟ ತಳದಲ್ಲಿ ಸಿಕ್ಕಿದರೆ ತಿನ್ನುತ್ತೆ, ಅಷ್ಟೇ. ತಳಕ್ಕೆ ಮುಳುಗೋ ಊಟ ಅದಕ್ಕೇ ಅಂತ ಹಾಕಬೇಕು. ತಳ ಗಲೀಜಾಗಿದ್ರೆ ಮೊದಲು ಸವೆಯೋದು ಅದರ ಮೀಸೆ.

ಒಂಬತ್ತನೇ ದಿನ ಉಳಿದ ಐದೂ ಮರಳು ಕೆದಕೋಕೆ ಶುರು ಮಾಡಿದ್ವು. ಫಿಲ್ಟರ್ ಪೂರ್ತಿ ಸರಿಯಾಗೋಕೆ ಸುಮಾರು ಮೂರು ವಾರ ಹಿಡೀತು. ಮಧ್ಯದಲ್ಲಿ ನೈಟ್ರೈಟ್ ಏರಿ ಮತ್ತೆ ಬಕೆಟ್ ಹೊತ್ತೆ.

ಅಪ್ಪನಿಗೆ ಫೋನಲ್ಲಿ ಹೇಳಿರಲಿಲ್ಲ. ಬಂದವರು ಚಪ್ಪಲಿ ಬಿಟ್ಟು ನೇರ ಟ್ಯಾಂಕ್ ಹತ್ತಿರ ಹೋದ್ರು. ನೀರು ಇನ್ನೂ ತಿಳಿ ನೀಲಿ. "ಐದೇ ಇದಾವಲ್ಲೋ" ಅಂದ್ರು. ನಾನು ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು: "ಟ್ಯಾಂಕಿಂದ ತೆಗೆದ ನೀರಲ್ಲೇ ಅದ್ದಿ ತೊಳೀಬೇಕು. ಚೀಟೀಲಿ ಬರೀಲಿಲ್ಲ ನಾನು."

ಕೋರಿ ಗುಂಪಲ್ಲಿರೋ ಮೀನು, ಆರಾದ್ರೂ ಇರಬೇಕು ಅಂತ ಮತ್ತೊಂದನ್ನ ತಂದಿದ್ದೀವಿ. ಅದೀಗ ಬಾಲ್ಕನಿಯ ಟಬ್‌ನಲ್ಲಿ ಒಂಟಿಯಾಗಿ ಕ್ವಾರಂಟೈನ್‌ನಲ್ಲಿದೆ. ನಾಲ್ಕು ವಾರದಲ್ಲಿ ಇನ್ನು ಒಂಬತ್ತು ದಿನ ಬಾಕಿ.