ರಜೆಯ ಹಾಡುಗಳು ಮತ್ತು ‘ಸ್ವತಂತ್ರ’ ಸಂಗೀತ: ಬೇಗೂರಿನಿಂದ ಕೆಲವು ಟಿಪ್ಪಣಿಗಳು

1

ದಲಿತ ವಿಮರ್ಶೆ ಎಂದ ಕೂಡಲೇ ನಾವು ಕತೆ, ಕವಿತೆ, ಆತ್ಮಕತೆಗಳನ್ನು ಎದುರಿಗಿಟ್ಟುಕೊಂಡು ಕೂರುತ್ತೇವೆ. ಓದುವುದನ್ನು ವಿಮರ್ಶೆಗೆ ಒಳಪಡಿಸಿದಷ್ಟು ಕೇಳುವುದನ್ನು ಒಳಪಡಿಸಿಲ್ಲ. ಆದರೆ ಕನ್ನಡದ ದಲಿತ ಸಂವೇದನೆ ಪುಸ್ತಕದಿಂದ ಕೇರಿಗೆ ಹೋದದ್ದಲ್ಲ, ಬಹುಪಾಲು ಕಿವಿಯಿಂದ ಕಿವಿಗೆ ಹೋದದ್ದು. ಅಕ್ಷರ ಬಾರದವರ ಬಾಯಲ್ಲೂ ಸಿದ್ಧಲಿಂಗಯ್ಯನವರ ಹಾಡು ನಿಂತದ್ದು ಹಾಗೆ. ಆದ್ದರಿಂದ ಇವತ್ತು ನಗರ ಏನನ್ನು ಕೇಳುತ್ತಿದೆ, ಯಾವಾಗ ಕೇಳುತ್ತಿದೆ, ‘ಇದನ್ನು ಕೇಳಿ’ ಅಂತ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದೂ ನಮ್ಮ ವಿಮರ್ಶೆಯ ವಿಷಯವೇ ಆಗಬೇಕು.

ಇಲ್ಲಿ ನಾನು ಎತ್ತಿಕೊಂಡಿರುವುದು ಒಂದು ಚಿಕ್ಕ ಸಂಗತಿ. ವರ್ಷದ ಕೊನೆಯ ರಜೆ ಹತ್ತಿರ ಬಂದಂತೆ ಬೆಂಗಳೂರಿನ ಪಾಡ್‌ಕಾಸ್ಟ್‌ಗಳಲ್ಲಿ ‘ಈ ರಜೆಯಲ್ಲಿ ಕೇಳಬೇಕಾದ ನಮ್ಮೂರ ಸ್ವತಂತ್ರ ಸಂಗೀತ’ ಎಂಬ ಬಗೆಯ ಕಂತುಗಳು ಬರುತ್ತವೆ. ನಾನು ಕೇಳಿದ ಮಟ್ಟಿಗೆ ಈ ಪಟ್ಟಿಗಳಲ್ಲಿ ದಲಿತ ಚಳವಳಿಯ ಹಾಡು ಸಿಗುವುದು ಅಪರೂಪ. ಯಾಕೆ ಹೀಗೆ? ಪಟ್ಟಿ ಮಾಡುವವರ ಮನಸ್ಸು ಕೆಟ್ಟದ್ದು ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಪಟ್ಟಿಯ ಹಿಂದೆ ಕಾನೂನು ಇದೆ, ಪರಿಚಯದ ಜಾಲ ಇದೆ, ಒಂದು ಪಂಚಾಂಗ ಇದೆ. ಅವನ್ನು ಬಿಡಿಸಿ ನೋಡದೆ ಬರಿಯ ಸಿಟ್ಟು ಮಾಡಿಕೊಂಡರೆ ನಮಗೇನೂ ದಕ್ಕುವುದಿಲ್ಲ.

ಮೊದಲು ಎರಡು ಮಾತುಗಳ ಅರ್ಥ. ಪಾಡ್‌ಕಾಸ್ಟ್ ಎಂದರೆ ರೇಡಿಯೋ ಕಾರ್ಯಕ್ರಮದಂಥದ್ದೇ. ಆದರೆ ಅದಕ್ಕೆ ಗಾಳಿಯ ತರಂಗ ಬೇಡ, ಸರ್ಕಾರದ ಪ್ರಸಾರ ಪರವಾನಗಿ ಬೇಡ. ಧ್ವನಿಯ ಕಡತವನ್ನು ಅಂತರ್ಜಾಲಕ್ಕೆ ಏರಿಸಿದರೆ, ಬೇಕೆಂದವರ ಫೋನಿಗೆ ಅದು ತಾನಾಗಿ ತಲುಪುತ್ತದೆ. ಈ ಪದ ಮೊದಲು ಅಚ್ಚಾದದ್ದು 2004ರಲ್ಲಿ, ಇಂಗ್ಲೆಂಡಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ. ಕನ್ನಡದಲ್ಲಿ ಪವನ್ ಶ್ರೀನಾಥ್ ಮತ್ತು ಗಣೇಶ್ ಚಕ್ರವರ್ತಿ 2018ರಲ್ಲಿ ಬೆಂಗಳೂರಿನಿಂದ ಶುರುಮಾಡಿದ ‘ತಲೆ-ಹರಟೆ’ ಈ ಮಾಧ್ಯಮವನ್ನು ಅನೇಕರಿಗೆ ಪರಿಚಯಿಸಿತು. ಇನ್ನು ‘ಇಂಡಿ’ ಅಥವಾ ಸ್ವತಂತ್ರ ಸಂಗೀತ ಎಂದರೆ ಸಿನಿಮಾದ ಹಂಗಿಲ್ಲದ, ದೊಡ್ಡ ಕಂಪನಿಯ ಒಡೆತನವಿಲ್ಲದ ಸಂಗೀತ. 1996ರ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ನಂಥ ಇಂಗ್ಲಿಷ್ ರಾಕ್ ತಂಡಗಳಿಂದ ಹಿಡಿದು, ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ಹೊಂದಿಸಿ 2008ರಲ್ಲಿ ಮೊದಲ ಆಲ್ಬಂ ತಂದ ರಘು ದೀಕ್ಷಿತ್‌ವರೆಗೆ ಬೆಂಗಳೂರಿಗೆ ಈ ಬಗೆಯ ಒಂದು ಇತಿಹಾಸವಿದೆ. ಅದು ಸಣ್ಣ ಸಾಧನೆಯೇನಲ್ಲ.

2

ಪ್ರಶ್ನೆ ಇರುವುದು ‘ಸ್ವತಂತ್ರ’ ಎಂಬ ವಿಶೇಷಣದಲ್ಲಿ. ಯಾರಿಂದ ಸ್ವತಂತ್ರ?

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಆಡಿದ ‘ಬೂಸಾ’ ಮಾತು, ಅದರ ಹಿಂದೆಯೇ ನಡೆದ ಗಲಭೆ, ಆಮೇಲೆ ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡದ್ದು ಎಲ್ಲರಿಗೂ ಗೊತ್ತು. ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ಕವಿ ಅದನ್ನು ‘ಹಾಡು’ ಎಂದೇ ಕರೆದರು ಎಂಬುದನ್ನು ಗಮನಿಸಬೇಕು. ಆ ಹಾಡುಗಳಿಗೆ ಸಿನಿಮಾದ ಹಂಗಿರಲಿಲ್ಲ, ಆಕಾಶವಾಣಿಯ ಹಂಗಿರಲಿಲ್ಲ, ಕ್ಯಾಸೆಟ್ ಕಂಪನಿಯ ಬಂಡವಾಳವೂ ಇರಲಿಲ್ಲ. ಜಾಥಾ, ಧರಣಿ, ಹಾಸ್ಟೆಲ್ಲಿನ ಅಂಗಳ ಇವೇ ಅವುಗಳ ವೇದಿಕೆ. ಮೈಸೂರಿನ ಜನ್ನಿ, ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ, ಗೊಲ್ಲಹಳ್ಳಿ ಶಿವಪ್ರಸಾದ್ ಇಂಥವರು ಹಾಡಿ, ಕಟ್ಟಿ, ಹೋರಾಟದ ಹಾಡಿನ ಪರಂಪರೆಯನ್ನು ಊರೂರಿಗೆ ಒಯ್ದರು. ‘ಇಂಡಿ’ ಎಂಬ ಪದ ಈ ನಗರಕ್ಕೆ ಬರುವ ಮೊದಲೇ ಇದ್ದ ಸ್ವತಂತ್ರ ಸಂಗೀತ ಇದು. ನಲವತ್ತೇಳರಲ್ಲಿ ಬಂದ ಸ್ವಾತಂತ್ರ್ಯ ಯಾರ ಪಾಲಿಗೆ ಬಂತು ಅಂತ ಹಾಡಿನಲ್ಲೇ ಕೇಳಿದವರು ಸಿದ್ಧಲಿಂಗಯ್ಯ. ಅದೇ ಪ್ರಶ್ನೆಯನ್ನು ಸಂಗೀತದ ಸ್ವಾತಂತ್ರ್ಯಕ್ಕೂ ಕೇಳಬಹುದು.

ಸಿನಿಮಾದಿಂದ ಬಿಡುಗಡೆಯಾದ ಹಾಡು ಜಾತಿಯಿಂದ ಬಿಡುಗಡೆಯಾಯಿತು ಎಂದೇನೂ ಅರ್ಥವಲ್ಲ. ನಮ್ಮ ಪಕ್ಕದ ತಮಿಳುನಾಡಿನ ಒಂದು ಉದಾಹರಣೆ ನೋಡಿ. 2018ರ ಜನವರಿಯಲ್ಲಿ ಚೆನ್ನೈನಲ್ಲಿ ಪಾ. ರಂಜಿತ್ ಮತ್ತು ತೆನ್ಮಾ ಅವರ ‘ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ವೇದಿಕೆ ಹತ್ತಿತು. ಆ ತಂಡದಲ್ಲಿ ಹಾಡುತ್ತಿದ್ದ ಅರಿವು ಬರೆದು, ಧೀ ಜತೆ ಹಾಡಿದ ‘ಎಂಜಾಯ್ ಎಂಜಾಮಿ’ 2021ರಲ್ಲಿ ಲೋಕವನ್ನೇ ಸುತ್ತಿತು. ಅದೇ ವರ್ಷ ‘ರೋಲಿಂಗ್ ಸ್ಟೋನ್ ಇಂಡಿಯಾ’ ಪತ್ರಿಕೆಯ ಮುಖಪುಟದಲ್ಲಿ ಹಾಡು ಇತ್ತು, ಅರಿವು ಇರಲಿಲ್ಲ. ರಂಜಿತ್ ಮೊದಲಾದವರು ಪ್ರತಿಭಟಿಸಿದ ಮೇಲೆ ಅರಿವು ಅವರ ಚಿತ್ರವಿರುವ ಇನ್ನೊಂದು ಮುಖಪುಟ ಅಂತರ್ಜಾಲದಲ್ಲಿ ಬಂತು. ಆ ಹಾಡಿನಿಂದ ತಮಗೆ ಹಣವೇ ಬಂದಿಲ್ಲ ಅಂತ 2024ರಲ್ಲಿ ಸಂಗೀತ ಸಂಯೋಜಕ ಸಂತೋಷ್ ನಾರಾಯಣನ್ ಬಹಿರಂಗವಾಗಿ ಹೇಳಿದರು. ಇದೂ ‘ಸ್ವತಂತ್ರ’ ಸಂಗೀತವೇ.

3

ಈಗ ಪಟ್ಟಿ ಹೇಗೆ ತಯಾರಾಗುತ್ತದೆ ಎಂಬುದಕ್ಕೆ ಬರೋಣ.

ರೇಡಿಯೋ ಕೇಂದ್ರಕ್ಕೆ ಕೃತಿಸ್ವಾಮ್ಯ ಕಾಯಿದೆಯ 31ಡಿ ಕಲಮಿನಲ್ಲಿ ಒಂದು ಅನುಕೂಲವಿದೆ. ನಿಗದಿಯಾದ ದರ ಕಟ್ಟಿ, ಮುಂಚಿತವಾಗಿ ತಿಳಿಸಿ, ಒಬ್ಬೊಬ್ಬರ ಒಪ್ಪಿಗೆ ಕಾಯದೆ ಹಾಡು ಹಾಕಬಹುದು. ಅಂತರ್ಜಾಲದ ಸಂಗೀತ ಸೇವೆಗೆ ಈ ಅನುಕೂಲ ಇಲ್ಲ ಅಂತ ‘ಟಿಪ್ಸ್’ ಮತ್ತು ‘ವಿಂಕ್’ ಕಂಪನಿಗಳ ಮೊಕದ್ದಮೆಯಲ್ಲಿ ಮುಂಬಯಿ ಹೈಕೋರ್ಟು 2019ರಲ್ಲಿ ಹೇಳಿತು. 2022ರಲ್ಲಿ ಮೇಲ್ಮನವಿಯಲ್ಲೂ ಅದನ್ನೇ ಎತ್ತಿಹಿಡಿಯಿತು. ಹೀಗಾಗಿ ಪಾಡ್‌ಕಾಸ್ಟ್ ನಡೆಸುವವರು ಪೂರ್ತಿ ಹಾಡು ಕೇಳಿಸಬೇಕಾದರೆ ಹಕ್ಕುದಾರರಿಂದ ಒಪ್ಪಿಗೆ ತರಲೇಬೇಕು. ಸಿನಿಮಾ ಹಾಡಿನ ಒಪ್ಪಿಗೆ ದುಬಾರಿ. ಸ್ವತಂತ್ರ ಕಲಾವಿದರಾದರೆ ಒಂದು ಫೋನ್ ಕರೆ ಸಾಕು. ಆದರೆ ಯಾರ ಫೋನ್ ನಂಬರು ಯಾರ ಹತ್ತಿರ ಇರುತ್ತದೆ? ಒಟ್ಟಿಗೆ ಓದಿದವರದ್ದು, ಒಟ್ಟಿಗೆ ಕೆಲಸ ಮಾಡಿದವರದ್ದು, ಇಂದಿರಾನಗರದ ಅದೇ ಹೋಟೆಲಿನಲ್ಲಿ ಕೂತು ಹಾಡು ಕೇಳಿದವರದ್ದು. ಕಾನೂನಿನ ಒಂದು ಕಲಮು ಹೀಗೆ ಪರಿಚಯದ ಜಾಲವನ್ನೇ ಅಭಿರುಚಿಯನ್ನಾಗಿ ಮಾಡುತ್ತದೆ. ಪರಿಚಯ ಎಂಬುದು ನಮ್ಮ ದೇಶದಲ್ಲಿ ಜಾತಿಯನ್ನು ಬಿಟ್ಟು ಬೆಳೆಯುವುದು ಕಡಿಮೆ.

ಎರಡನೆಯದು ಪಂಚಾಂಗ. ನಾನಿರುವ ಬೇಗೂರು ಈ ಮಾತಿಗೆ ಒಳ್ಳೆಯ ಜಾಗ. 1978ರಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಯನ್ನು ಶುರುಮಾಡಿದ್ದು ಬೇಗೂರು ಹೋಬಳಿಯ ದೊಡ್ಡತೋಗೂರು, ಕೋನಪ್ಪನ ಅಗ್ರಹಾರದ 332 ಎಕರೆಯಲ್ಲಿ. ಒಂದು ಕಡೆ ಸಾಫ್ಟ್‌ವೇರ್ ಕಂಪನಿ, ಇನ್ನೊಂದು ಕಡೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್, ನಡುವೆ ಸೆಕ್ಯೂರಿಟಿ ಕೆಲಸದವರು, ಮನೆಗೆಲಸದವರು, ಪೌರಕಾರ್ಮಿಕರು. ಇವರೆಲ್ಲರಿಗೂ ಫೋನಿದೆ. ಎಲ್ಲರಿಗೂ ರಜೆ ಇಲ್ಲ.

ಕರ್ನಾಟಕದ ಕಾರ್ಖಾನೆ, ಕಂಪನಿಗಳಿಗೆ ಅನ್ವಯಿಸುವ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆ 1963ರದ್ದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇವು ಕಡ್ಡಾಯ. ಉಳಿದವು ಹಬ್ಬದ ರಜೆಗಳು. ಯಾವ ಹಬ್ಬ ಎಂಬುದು ಆಯಾ ಸಂಸ್ಥೆಯಲ್ಲಿ ತೀರ್ಮಾನವಾಗುತ್ತದೆ. ಏಪ್ರಿಲ್ 14 ಸರ್ಕಾರಿ ಕಚೇರಿಗೆ ರಜೆ, ಕಾಲೇಜಿಗೆ ರಜೆ. ಆದರೆ ಈ ಕಡ್ಡಾಯದ ಪಟ್ಟಿಯಲ್ಲಿ ಅದಿಲ್ಲ. ಸಂವಿಧಾನ ಜಾರಿಗೆ ಬಂದ ದಿನ ಮಿಷನ್ ನಿಲ್ಲಲೇಬೇಕು. ಸಂವಿಧಾನ ಬರೆದವರು ಹುಟ್ಟಿದ ದಿನ ನಿಲ್ಲಲೇಬೇಕೆಂದಿಲ್ಲ.

ಪೌರಕಾರ್ಮಿಕರ ಮಾತು ಇನ್ನೂ ಬೇರೆ. ಆಯುಧಪೂಜೆಯ ಬೂದುಗುಂಬಳ, ಬಾಳೆಕಂದು, ದೀಪಾವಳಿಯ ಪಟಾಕಿ ಕಾಗದ, ಹೊಸ ವರ್ಷದ ರಾತ್ರಿಯ ಬಾಟಲಿ ಇವೆಲ್ಲ ಮರುದಿನ ಬೆಳಗ್ಗೆ ಅವರ ಪೊರಕೆಗೇ ಬರುತ್ತವೆ. ನಗರದ ರಜೆ ಅಂದರೆ ಅವರಿಗೆ ಹೆಚ್ಚಿನ ಕೆಲಸ. ಹೀಗಿರುವಾಗ ‘ರಜೆಯಲ್ಲಿ ಆರಾಮವಾಗಿ ಕೇಳಿ’ ಎಂಬ ಮಾತು ಯಾರನ್ನು ಉದ್ದೇಶಿಸಿದ್ದು? ವರ್ಷಾಂತ್ಯದ ಪಟ್ಟಿಗಳು ಬರುವುದು ಡಿಸೆಂಬರ್ 6ರ ಪರಿನಿರ್ವಾಣ ದಿನಕ್ಕೂ ಜನವರಿ 1ರ ಭೀಮಾ ಕೋರೆಗಾಂವ್ ದಿನಕ್ಕೂ ನಡುವೆ. ಆ ಎರಡು ದಿನಗಳಿಗೂ ಅವುಗಳದ್ದೇ ಹಾಡುಗಳಿವೆ. ಪಟ್ಟಿಯ ಪಂಚಾಂಗದಲ್ಲಿ ಆ ದಿನಗಳೇ ಇಲ್ಲದ್ದರಿಂದ ಹಾಡುಗಳೂ ಇಲ್ಲ.

ಇದಕ್ಕೆ ಎದುರಾಗಿ ಬೇರೆ ಪಂಚಾಂಗ ಕಟ್ಟಿದ ಉದಾಹರಣೆಯೂ ನಮ್ಮಲ್ಲೇ ಇದೆ. ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ ನಡೆಸಿಕೊಂಡು ಬಂದ ‘ಹುಣ್ಣಿಮೆ ಹಾಡು’ ಯಾವ ಕಂಪನಿಯ ರಜಾಪಟ್ಟಿಯನ್ನೂ ಕೇಳಲಿಲ್ಲ. ಚಂದ್ರನನ್ನು ನೋಡಿ ಜನ ಸೇರಿದರು.

ಮೂರನೆಯದು ದುಡ್ಡು. ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಿಕೆಗೆ ಸ್ಪಾಟಿಫೈ 2024ರಿಂದ ರಾಯಲ್ಟಿ ಕೊಡುವುದನ್ನು ನಿಲ್ಲಿಸಿದೆ. ವರ್ಷಕ್ಕೆ ಒಂದೇ ದಿನ, ಅದೂ ಒಂದೇ ಸ್ಪೀಕರಿನಲ್ಲಿ ಐನೂರು ಜನ ಸೇರಿ ಕೇಳುವ ಏಪ್ರಿಲ್ 14ರ ಹಾಡಿನ ಗತಿ ಏನಾಗುತ್ತದೆ ಎಂದು ಯೋಚಿಸಿ. ಇಯರ್‌ಫೋನಿನಲ್ಲಿ ಐನೂರು ಜನ ಒಬ್ಬೊಬ್ಬರೇ ಕೇಳಿದರೆ ಐನೂರು. ಕೇರಿಯಲ್ಲಿ ಐನೂರು ಜನ ಒಟ್ಟಿಗೆ ಕೇಳಿದರೆ ಒಂದು. ಲೆಕ್ಕದ ಯಂತ್ರಕ್ಕೆ ಒಟ್ಟಿಗೆ ಕೇಳುವುದು ಗೊತ್ತೇ ಇಲ್ಲ.

4

ಇನ್ನೊಂದು ಅಂಶವನ್ನು ಶಬ್ದದ ಮಟ್ಟದಲ್ಲೇ ನೋಡಬೇಕು. ಫೋನಿನಲ್ಲಿ, ಧ್ವನಿಮುದ್ರಣದ ಆ್ಯಪುಗಳಲ್ಲಿ ಗದ್ದಲ ತೆಗೆಯುವ ವ್ಯವಸ್ಥೆ ಇರುತ್ತದೆ. ಮಾತನ್ನು ಉಳಿಸಿಕೊಂಡು ಮಿಕ್ಕ ಸದ್ದನ್ನು ಅಡಗಿಸುವುದು ಅದರ ಕೆಲಸ. ಅದರ ಮುಂದೆ ತಮಟೆ ಬಡಿದು ನೋಡಿ. ಬೆಂಕಿಗೆ ಕಾಯಿಸಿ ಬಿಗಿ ಮಾಡಿದ ಚರ್ಮದ ಮೇಲೆ ಕೋಲು ಬಿದ್ದ ಕ್ಷಣದ ಆ ಚುರುಕು ಪೆಟ್ಟಿದೆಯಲ್ಲ, ಅದನ್ನೇ ಯಂತ್ರ ಗದ್ದಲವೆಂದು ತಿಳಿದು ಕತ್ತರಿಸುತ್ತದೆ. ಉಳಿಯುವುದು ಮೊಂಡು ಸದ್ದು. ಯಂತ್ರಕ್ಕೆ ಜಾತಿ ಇಲ್ಲ, ನಿಜ. ಆದರೆ ಯಾವುದು ನಾದ, ಯಾವುದು ಗದ್ದಲ ಎಂಬ ತೀರ್ಮಾನ ಅದರೊಳಗೆ ಮೊದಲೇ ಕೂತಿರುತ್ತದೆ. ಚರ್ಮವಾದ್ಯವನ್ನು ಸಾವಿಗೆ, ಜಾತ್ರೆಗೆ ಬಿಟ್ಟು ಸಂಗೀತದ ಮನೆಯೊಳಕ್ಕೆ ಬಿಟ್ಟುಕೊಳ್ಳದ ಸಮಾಜಕ್ಕೆ ಈ ತೀರ್ಮಾನ ಹೊಸದಲ್ಲ. ಚಿಕ್ಕಬಳ್ಳಾಪುರ ಸೀಮೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದದ್ದು 2023ರಲ್ಲಿ. ಗೌರವ ಬಂದದ್ದು ಸಂತೋಷವೇ. ಆದರೆ ಎಷ್ಟು ಧ್ವನಿಮುದ್ರಿಕೆಗಳ ಮೇಲೆ ತಮಟೆ ಬಡಿದವರ ಹೆಸರಿದೆ? ಸಾಹಿತ್ಯ ಇಂಥವರದು, ಗಾಯನ ಇಂಥವರದು, ‘ಮತ್ತು ತಂಡ’ ಅಂತ ಇರುತ್ತದೆ. ಆ ‘ತಂಡ’ದೊಳಗೆ ತಮಟೆಯವರು ಕರಗಿಹೋಗುತ್ತಾರೆ. ಇದು ನಮ್ಮ ಚಳವಳಿಯ ಕ್ಯಾಸೆಟ್ಟುಗಳಿಗೂ ಅನ್ವಯಿಸುವ ಮಾತು.

ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು 890ರ ಒಂದು ವೀರಗಲ್ಲಿನ ಶಾಸನವಿದೆ. ‘ಬೆಂಗಳೂರು’ ಎಂಬ ಹೆಸರಿನ ಹಳೆಯ ದಾಖಲೆ ಅಂತ ಎಲ್ಲರೂ ಅದನ್ನು ಹೇಳುತ್ತಾರೆ. ಆ ಶಾಸನ ಬರೆಸಿದ್ದು ಊರಿನ ಹೆಸರಿಗಾಗಿ ಅಲ್ಲ. ಬೆಂಗಳೂರಿನ ಕಾಳಗದಲ್ಲಿ ಸತ್ತವರ ಹೆಸರು ಹೇಳುವುದಕ್ಕೆ. ನಾಗತ್ತರನ ಮಗ ಬುಟ್ಟನಪತಿಯ ಹೆಸರಿನ ಜತೆಗೆ ಅವನ ‘ಮನೆಮಗ’, ಅಂದರೆ ಮನೆಯ ಆಳು, ಪೆರ್ವೋಣಶೆಟ್ಟಿಯ ಹೆಸರೂ ಅಲ್ಲಿದೆ. ಒಂಬತ್ತನೇ ಶತಮಾನದ ಕಲ್ಲಿನಲ್ಲಿ ಆಳಿನ ಹೆಸರಿಗೆ ಸಿಕ್ಕ ಜಾಗ, ಇಪ್ಪತ್ತೊಂದನೇ ಶತಮಾನದ ಹಾಡಿನ ಕಡತದಲ್ಲಿ ತಮಟೆಯವರಿಗೆ ಸಿಗದಿದ್ದರೆ ಅದಕ್ಕೆ ಜಾಗದ ಕೊರತೆ ಕಾರಣವಲ್ಲ.

5

ಹಾಗಾದರೆ ಏನು ಮಾಡಬೇಕು? ‘ನಮ್ಮನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ’ ಎಂಬ ಅರ್ಜಿ ನನಗೆ ಮುಖ್ಯವೆನಿಸುವುದಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಶುರುವಾದಾಗ ಹಳ್ಳಿಯ ಜನಕ್ಕೆ ಸ್ವಂತ ರೇಡಿಯೋ ನಡೆಸುವ ಅನುಮತಿ ಇರಲಿಲ್ಲ. ಗಾಳಿಯ ತರಂಗ ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದ್ದರೂ, ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ತೆರೆದದ್ದು 2006ರ ನೀತಿ. ಅಲ್ಲಿಯವರೆಗೆ ಬೂದಿಕೋಟೆಯವರು ಕೈಕಟ್ಟಿ ಕೂರಲಿಲ್ಲ. ಟಿವಿ ಕೇಬಲ್ ತಂತಿಯಲ್ಲೇ ಧ್ವನಿಯನ್ನು ಮನೆಮನೆಗೆ ಕಳಿಸಿದರು. ಇವತ್ತು ಪಾಡ್‌ಕಾಸ್ಟಿಗೆ ಆ ತಂತಿಯೂ ಬೇಡ. ಒಂದು ಫೋನು, ಒಂದು ಸಾಧಾರಣ ಮೈಕು, ನಾಲ್ಕು ಜನ ವಿದ್ಯಾರ್ಥಿಗಳು ಸಾಕು.

ಕೆಲಸವನ್ನು ಹೀಗೆ ಶುರುಮಾಡಬಹುದು. ಏಪ್ರಿಲ್ 14ರಂದು ನಿಮ್ಮ ಕೇರಿಯಲ್ಲಿ, ಬಡಾವಣೆಯಲ್ಲಿ ಹಾಡಿದ್ದನ್ನು ಧ್ವನಿಮುದ್ರಿಸಿ. ತಮಟೆ ಇದ್ದರೆ ಗದ್ದಲ ತೆಗೆಯುವ ಸೌಲಭ್ಯವನ್ನು ಆರಿಸಿಡಿ. ಮೈಕನ್ನು ಹತ್ತಿರ ಹಿಡಿಯದೆ ಕೆಲವು ಅಡಿ ದೂರ ಇಡಿ. ಹಾಡುವವರ ಒಪ್ಪಿಗೆಯನ್ನು ಅವರ ದನಿಯಲ್ಲೇ ಮೊದಲು ದಾಖಲಿಸಿ. ಹಾಡು ಯಾರಿಂದ ಕಲಿತದ್ದು, ಯಾವ ಹೋರಾಟದಲ್ಲಿ ಹಾಡಿದ್ದು ಅಂತ ಕೇಳಿ. ಬಡಿದವರು, ದನಿಗೂಡಿಸಿದವರು ಎಲ್ಲರ ಹೆಸರನ್ನೂ ಅವರು ಹೇಳಿದ ಹಾಗೆ ಬರೆಯಿರಿ. ಇದು ಬರಿಯ ಸೌಜನ್ಯದ ಮಾತಲ್ಲ. 2012ರ ತಿದ್ದುಪಡಿಯಾದ ಮೇಲೆ ಕೃತಿಸ್ವಾಮ್ಯ ಕಾಯಿದೆಯ 38ಬಿ ಕಲಮು, ಪ್ರದರ್ಶನ ನೀಡಿದವರಿಗೆ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಅದೇ ತಿದ್ದುಪಡಿಯ ಪ್ರಕಾರ ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿಯ ಪಾಲನ್ನು ಕಂಪನಿ ಪೂರ್ತಿಯಾಗಿ ಬರೆಸಿಕೊಳ್ಳಲು ಬರುವುದಿಲ್ಲ. ನಮ್ಮ ಹಾಡುಗಾರರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆ?

ವಿಮರ್ಶಕರಿಗೂ ಇಲ್ಲಿ ಕೆಲಸವಿದೆ. ಒಂದು ಹಾಡನ್ನು ಸ್ವತಂತ್ರ ಎಂದು ಕರೆಯುವ ಮುನ್ನ ಮೂರು ಸಂಗತಿ ವಿಚಾರಿಸಬೇಕು: ಅದರಲ್ಲಿ ಯಾರ ಹೆಸರು ಬಿಟ್ಟುಹೋಗಿದೆ, ಅದರ ದುಡ್ಡು ಎಲ್ಲಿಗೆ ಹೋಗುತ್ತದೆ, ಅದನ್ನು ಕೇಳಲು ಬೇಕಾದ ಬಿಡುವು ಯಾರಿಗಿದೆ. ಹೊಸ ಹಾಡುಗಳು ಇವುಗಳಿಗೆ ಒಳ್ಳೆಯ ಉತ್ತರ ಕೊಟ್ಟರೆ ಅವುಗಳನ್ನು ಮನಸಾರೆ ಒಪ್ಪಿಕೊಳ್ಳೋಣ. ಗಿಟಾರಿನ ಮೇಲೆ ನಮಗೇನೂ ದ್ವೇಷವಿಲ್ಲ. ರಜೆಯ ವಿಷಯದಲ್ಲಿ ಮಾತ್ರ ಹಾಡಿನಿಂದ ಆಚೆಗೂ ಹೋಗಬೇಕಾಗುತ್ತದೆ. 1963ರ ಕಾಯಿದೆಯ ಕಡ್ಡಾಯ ರಜೆಗಳಲ್ಲಿ ಏಪ್ರಿಲ್ 14 ಸೇರಬೇಕೆಂಬ ಬೇಡಿಕೆಯನ್ನು ಬೊಮ್ಮನಹಳ್ಳಿಯ, ಪೀಣ್ಯದ ಕಾರ್ಮಿಕ ಸಂಘಗಳೂ ದಲಿತ ಸಂಘಟನೆಗಳೂ ಒಟ್ಟಾಗಿ ಎತ್ತಬಹುದು. ಅಲ್ಲಿಯವರೆಗೆ ಧ್ವನಿಮುದ್ರಿಸಿಟ್ಟ ಹಾಡುಗಳು, ಆ ದಿನ ಮಿಷನ್ ಮುಂದೆ ಕೂತಿದ್ದವರು ಸಂಜೆ ಮನೆಗೆ ಬಂದು ಕೇಳುವುದಕ್ಕಾದರೂ ಸಿಗಬೇಕು.