ಸಂಶೋಧನಾ ಸಹಾಯಧನದ ಫಲಪರೀಕ್ಷೆ

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿರುವ ಸಿದ್ದರಬೆಟ್ಟವು ಔಷಧಿಯ ಮೂಲಿಕೆಗಳಿಗೆ ಹೆಸರಾದುದು. ಮಧುಗಿರಿ, ಶಿರಾ, ಪಾವಗಡದ ಕಡೆಗಳಿಂದಲೂ ಜನರು ಬೆಟ್ಟವನ್ನೇರಿ, ಗುಹೆಯಲ್ಲಿರುವ ಸಿದ್ದೇಶ್ವರನ ದರ್ಶನಮಾಡಿ, ಅಲ್ಲಿಯ ನೀರನ್ನು ತೀರ್ಥವೆಂದು ಸೇವಿಸುವರು. ಆ ಬೆಟ್ಟದ ಮೂಲಿಕೆಯಿಂದ ರೋಗವು ವಾಸಿಯಾಗುವುದೇ ಎಂಬುದನ್ನು ಅರಿಯಲಿಚ್ಛಿಸಿದವನೊಬ್ಬನು, ಹರಕೆ ತೀರಿಸಲು ಬಂದವರನ್ನು ಮಾತ್ರ ನಿಲ್ಲಿಸಿ ಕೇಳಿದನೆಂದಿಟ್ಟುಕೊಳ್ಳಬಹುದು. ಅವರೆಲ್ಲರೂ ವಾಸಿಯಾಯಿತೆಂದೇ ಹೇಳುವರು. ವಾಸಿಯಾಗದವರು ಹರಕೆ ತೀರಿಸಲು ಬರುವುದೇ ಇಲ್ಲ. ಮೂಲಿಕೆಯಿಲ್ಲದೆಯೇ ವಾಸಿಯಾದವರು ತಮ್ಮ ತಮ್ಮ ಮನೆಗಳಲ್ಲಿರುವರು. ಮೂಲಿಕೆಯು ನಿರ್ಗುಣವೆಂದು ಇದರ ತಾತ್ಪರ್ಯವಲ್ಲ. ಉತ್ತರವು ದೊರೆಯಲಾರದ ಸ್ಥಳದಲ್ಲಿ ಪ್ರಶ್ನೆಯನ್ನು ಕೇಳಿದಂತಾಯಿತೆಂಬುದಷ್ಟೇ.

ಕೈಗಾರಿಕಾ ಸಂಸ್ಥೆಗಳಿಗೆ ಸಂಶೋಧನೆಗಾಗಿ ಸರ್ಕಾರವು ಕೊಡುವ ಹಣದ ಫಲವನ್ನು ಅಳೆಯುವಲ್ಲಿಯೂ ಇದೇ ತೊಡಕುಂಟು.

ಹಿಂದೆ ಇದು ಇಷ್ಟು ತೋರುತ್ತಿರಲಿಲ್ಲ. 1914ರ ಮಹಾಯುದ್ಧದಿಂದ ಮೈಸೂರಿನ ಶ್ರೀಗಂಧದ ಮರಕ್ಕೆ ಜರ್ಮನಿಯ ಪೇಟೆಯು ಮುಚ್ಚಿಹೋಯಿತು. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಬೆಂಗಳೂರಿನ ವಿಜ್ಞಾನಸಂಸ್ಥೆಯಲ್ಲಿ ಸಡ್‌ಬರೋ, ವಾಟ್ಸನ್ ಎಂಬ ವಿದ್ವಾಂಸರು ಎಣ್ಣೆ ತೆಗೆಯುವ ಪ್ರಯೋಗಗಳನ್ನು ನಡೆಸಿದರು. ಅವುಗಳ ಆಧಾರದ ಮೇಲೆ 1916ರಲ್ಲಿ ಸರ್ಕಾರದ ಕಾರ್ಖಾನೆಯು ಹುಟ್ಟಿತು. ಪ್ರಯೋಗಕ್ಕೆ ಹಣ ಕೊಟ್ಟವರೂ ಕಾರ್ಖಾನೆಯ ಒಡೆಯರೂ ಒಬ್ಬರೇ. ಮರವು ಒಳಕ್ಕೆ ಹೋಗುವುದೂ ಎಣ್ಣೆಯು ಹೊರಕ್ಕೆ ಬರುವುದೂ ಎಲ್ಲರ ಕಣ್ಣಿಗೆ ಕಾಣುತ್ತಿದ್ದಿತು. ಅಲ್ಲಿ ಪ್ರಶ್ನಾವಳಿಗೆ ಕೆಲಸವಿರಲಿಲ್ಲ.

ಈಗ ಹಣವು ಅನ್ಯರ ಕೈಗೆ ಹೋಗುತ್ತದೆ. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು 2012ರಲ್ಲಿ ಸ್ಥಾಪಿಸಿದ ಬೈರಾಕ್ ಸಂಸ್ಥೆಯು ಹೊಸ ಕಲ್ಪನೆಯೊಂದನ್ನು ಪ್ರಯೋಗಕ್ಕೆ ತರುವವರಿಗೆ 50 ಲಕ್ಷ ರೂಪಾಯಿಗಳವರೆಗೆ ಕೊಡುವ ಯೋಜನೆಯನ್ನು ನಡೆಸಿತು. ಕರ್ನಾಟಕ ಸರ್ಕಾರವು 2017ರಲ್ಲಿ ಆರಂಭಿಸಿದ ಎಲಿವೇಟ್ ಯೋಜನೆಯಲ್ಲಿಯೂ ಆಯ್ಕೆಯಾದ ನವೋದ್ಯಮಗಳಿಗೆ ಅಷ್ಟೇ ಮೊತ್ತದವರೆಗೆ ಸಹಾಯವುಂಟು. ಹೀಗೆ ಕೊಡುವುದಕ್ಕೆ ಅರ್ಥಶಾಸ್ತ್ರಜ್ಞರು ಹೇಳುವ ಕಾರಣವು ಸರಳವಾದುದು: ಒಬ್ಬನು ಕಂಡುಹಿಡಿದ ವಿದ್ಯೆಯ ಲಾಭವು ಬಹುಪಾಲು ನೆರೆಯವರಿಗೆ ಹರಿದುಹೋಗುವುದರಿಂದ, ಸಮಾಜಕ್ಕೆ ಬೇಕಾದಷ್ಟು ಸಂಶೋಧನೆಯನ್ನು ಯಾರೂ ಸ್ವಂತ ವೆಚ್ಚದಿಂದ ಮಾಡಲಾರರು.

ಆದರೆ ಕೊಟ್ಟ ಹಣವು ಸಂಶೋಧನೆಯನ್ನು ಹೆಚ್ಚಿಸಿತೇ? ಸಂಸ್ಥೆಯೊಂದು ತನ್ನ ಹಣದಿಂದಲೇ 40 ಲಕ್ಷ ರೂಪಾಯಿ ವೆಚ್ಚಮಾಡಲು ನಿಶ್ಚಯಿಸಿದ್ದು, ಸರ್ಕಾರದಿಂದ 40 ಲಕ್ಷ ದೊರೆತ ಬಳಿಕ ಒಟ್ಟು 80 ಲಕ್ಷ ವೆಚ್ಚಮಾಡಿದರೆ, ಸಹಾಯವೆಲ್ಲವೂ ಕೂಡಿಕೆಯಾಯಿತು. ಒಟ್ಟು ವೆಚ್ಚವು 40 ಲಕ್ಷದಲ್ಲಿಯೇ ನಿಂತರೆ ಸರ್ಕಾರದ ಹಣವು ಸಂಸ್ಥೆಯ ಹಣವನ್ನು ಬೇರೆಡೆಗೆ ಬಿಡಿಸಿಕೊಟ್ಟಿತೇ ಹೊರತು ಮತ್ತೇನೂ ಆಗಲಿಲ್ಲ. ಎರಡು ಸಂದರ್ಭಗಳಲ್ಲಿಯೂ ಪ್ರಯೋಗಶಾಲೆಯು ನಿಂತಿರುತ್ತದೆ, ವರದಿಯು ಅಚ್ಚಾಗಿರುತ್ತದೆ, ಛಾಯಾಚಿತ್ರವೂ ತೆಗೆಯಲ್ಪಟ್ಟಿರುತ್ತದೆ. ಭೇದವೆಲ್ಲವೂ ನಡೆಯದೆ ಹೋದ ಸಂಗತಿಯಲ್ಲಿ, ಎಂದರೆ ಸಹಾಯವಿಲ್ಲದಿದ್ದರೆ ಏನಾಗುತ್ತಿತ್ತೆಂಬುದರಲ್ಲಿ, ಅಡಗಿದೆ.

ಲೆಕ್ಕಪುಸ್ತಕಗಳಿಂದ ಇದನ್ನು ತಿಳಿಯಬಹುದೆಂದು ತೋರಬಹುದು. ಆದರೆ ಲೆಕ್ಕವೂ ಆಸೆಗೆ ಬಾಗುತ್ತದೆ. 1961ರ ಆದಾಯ ತೆರಿಗೆ ಕಾಯಿದೆಯ 35(2ಎಬಿ) ವಿಧಿಯಂತೆ, 2010-11ರಿಂದ ಅಂಗೀಕೃತ ಸಂಶೋಧನಾಲಯದಲ್ಲಿ ವೆಚ್ಚವಾದ ಒಂದು ರೂಪಾಯಿಯನ್ನು ಆದಾಯದಿಂದ ಎರಡು ರೂಪಾಯಿಯಾಗಿ ಕಳೆಯಲು ಅವಕಾಶವಿದ್ದಿತು. 2017ರ ಏಪ್ರಿಲಿನಿಂದ ಅದು ಒಂದೂವರೆಯಾಯಿತು, 2020ರ ಏಪ್ರಿಲಿನಿಂದ ಒಂದಕ್ಕೆ ಇಳಿಯಿತು. ಸಂಶೋಧನೆಯೆಂಬ ಹೆಸರಿಗೆ ಇಷ್ಟು ಬೆಲೆಯಿದ್ದಾಗ ಸಾಮಾನ್ಯ ವೆಚ್ಚಕ್ಕೂ ಆ ಹೆಸರನ್ನಿಡುವ ಮನಸ್ಸಾಗುವುದು ಸಹಜವೇ.

ಆದುದರಿಂದ ಸಂಸ್ಥೆಗಳನ್ನೇ ಕೇಳಬೇಕಾಗುತ್ತದೆ. ಪ್ರಶ್ನಾವಳಿಯ ಉಪಯೋಗವು ಇಲ್ಲಿ ನಿಜವಾಗಿಯೂ ದೊಡ್ಡದು. ಕೆಲಸವು ಬೇಗನೆ ಆರಂಭವಾಯಿತೇ, ಹೆಚ್ಚು ಸಾಹಸದ ವಿಷಯವನ್ನು ಕೈಗೊಂಡರೇ, ವಿಶ್ವವಿದ್ಯಾನಿಲಯದವರೊಡನೆ ಮೊದಲ ಬಾರಿಗೆ ಕೂಡಿ ದುಡಿದರೇ, ಹಣವು ಮುಗಿದ ಮೇಲೆಯೂ ಆ ಅಭ್ಯಾಸವು ಉಳಿಯಿತೇ ಎಂಬುದನ್ನು ಯಾವ ಲೆಕ್ಕಪುಸ್ತಕವೂ ಹೇಳದು. ಆದರೆ ಕೇಳುವವನು ಹಣ ಕೊಟ್ಟವನೇ ಆಗಿದ್ದು, ಉತ್ತರಿಸುವವನು ಮುಂದಿನ ಕಂತನ್ನು ನಿರೀಕ್ಷಿಸುತ್ತಿದ್ದರೆ, "ಸಹಾಯವಿಲ್ಲದಿದ್ದರೆ ಈ ಕಾರ್ಯವು ನಡೆಯುತ್ತಿರಲಿಲ್ಲ" ಎಂಬ ಉತ್ತರವು ಮೊದಲೇ ಸಿದ್ಧವಾಗಿರುತ್ತದೆ. ಅಂತಹ ಉತ್ತರಗಳು ನೂರು ಸೇರಿದರೂ ನೂರು ಸಾಕ್ಷಿಗಳಾಗವು. ಗ್ರಂಥಸಂಪಾದಕರಿಗೆ ಇದನ್ನು ವಿವರಿಸಬೇಕಾದುದಿಲ್ಲ: ಒಂದೇ ಮಾತೃಪ್ರತಿಯಿಂದ ಇಳಿದ ಹತ್ತು ಓಲೆಪ್ರತಿಗಳ ಪಾಠವು ಹೊಂದಿಕೊಂಡರೂ ಅದು ಒಂದೇ ಸಾಕ್ಷ್ಯ.

ಪರಿಹಾರವೆಂದರೆ ಸಹಾಯ ಪಡೆಯದವರನ್ನೂ ಕೇಳುವುದು. ಆಲ್ಮಸ್, ಚಾರ್ನಿಟ್ಸ್‌ಕಿ ಎಂಬವರು ಪೂರ್ವ ಜರ್ಮನಿಯ ಸಂಸ್ಥೆಗಳನ್ನು ಕುರಿತು 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮ್ಯಾನ್‌ಹೈಮಿನ ಸಮೀಕ್ಷೆಯಿಂದ ಸಹಾಯ ಪಡೆದ ಪ್ರತಿಯೊಂದು ಸಂಸ್ಥೆಗೂ ಗಾತ್ರ, ವಯಸ್ಸು, ಕಸುಬುಗಳಲ್ಲಿ ಹೋಲುವ, ಸಹಾಯ ಪಡೆಯದ ಜೊತೆಯೊಂದನ್ನು ಹುಡುಕಿ ತುಲನೆ ಮಾಡಿದರು. ಫಲವು ಸಹಾಯಧನಕ್ಕೆ ಅನುಕೂಲವಾಗಿಯೇ ಬಂದಿತು. ಅಮೆರಿಕದಲ್ಲಿ 1982ರ ಕಾಯಿದೆಯಿಂದ ಸಣ್ಣ ಸಂಸ್ಥೆಗಳಿಗೆ ದೊರೆಯುತ್ತಿದ್ದ ಸಂಶೋಧನಾ ಧನದ ವಿಷಯದಲ್ಲಾದರೋ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಂಸ್ಥೆಗಳು ತಮ್ಮ ವೆಚ್ಚವನ್ನು ಬಂದಷ್ಟೇ ಮೊತ್ತದಿಂದ ಇಳಿಸಿದುವೆಂದು ವಾಲ್‌ಸ್ಟನ್ 2000ದಲ್ಲಿ ತೋರಿಸಿದನು. ಹಣ ಪಡೆದವು ಜೊತೆಗಾರರಿಗಿಂತ ವೇಗವಾಗಿ ಬೆಳೆದುವೆಂದು ಲರ್ನರ್ 1999ರಲ್ಲಿಯೇ ಹೇಳಿದ್ದನು. ಆದರೆ ಆ ಬೆಳವಣಿಗೆಯು ಸಾಹಸೋದ್ಯಮಕ್ಕೆ ಬಂಡವಾಳ ಹೂಡುವವರು ಹೇರಳವಾಗಿದ್ದ ಪ್ರದೇಶಗಳಲ್ಲಿ ಮಾತ್ರ ಕಂಡಿತೆಂಬುದನ್ನೂ ಅವನು ಮರೆಮಾಡಲಿಲ್ಲ.

ಈ ಕಡೆಯ ಮಾತು ಕರ್ನಾಟಕಕ್ಕೆ ಮುಖ್ಯವಾದುದು. ಬಂಡವಾಳವೆಲ್ಲವೂ ಬೆಂಗಳೂರಿನಲ್ಲಿ ಕಿಕ್ಕಿರಿದಿದೆ. ಅಲ್ಲಿಯ ನವೋದ್ಯಮಕ್ಕೆ ಫಲಿಸಿದ 50 ಲಕ್ಷವು ತುಮಕೂರಿನ ಬಳಿಯ ವಸಂತನರಸಾಪುರದ ಕಾರ್ಖಾನೆಗೋ ಪಾವಗಡದ ಉದ್ಯಮಿಗೋ ಹಾಗೆಯೇ ಫಲಿಸುವುದೆಂದು ತಿಳಿಯಲು ಆಧಾರವಿಲ್ಲ. ಅಲ್ಲಿ ಹಣವು ಹೆಚ್ಚು ಅವಶ್ಯವೆಂಬುದೂ ಅಷ್ಟೇ ಸಂಭವನೀಯ. ಇಡೀ ರಾಜ್ಯದ ಸರಾಸರಿಯು ಈ ಪ್ರಶ್ನೆಯನ್ನು ನುಂಗಿಬಿಡುತ್ತದೆ. ಕೇಂದ್ರದ ವಿಜ್ಞಾನ ಇಲಾಖೆಯು ವಿಶ್ವಸಂಸ್ಥೆಯ ಕೈಗಾರಿಕಾ ಶಾಖೆಯೊಡನೆ 2021-22ರಲ್ಲಿ ನಡೆಸಿದ ಸಮೀಕ್ಷೆಯು ತಯಾರಿಕಾ ಸಂಸ್ಥೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ಮಾತ್ರ ಹೊಸತನವನ್ನು ತೋರಿದೆಯೆಂದೂ, ಕರ್ನಾಟಕವು ಮುಂದಿನ ಸಾಲಿನಲ್ಲಿದೆಯೆಂದೂ ತಿಳಿಸಿತು. ಅದು ಸಹಾಯ ಪಡೆದವರ ಪಟ್ಟಿಯಿಂದ ಹೊರಟುದಲ್ಲವಾದುದರಿಂದ ಅಂತಹ ತುಲನೆಗೆ ಹೆಚ್ಚು ಒದಗತಕ್ಕುದು.

ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದ ಮಾರ್ಗವು ಹೊವೆಲ್ 2017ರಲ್ಲಿ ಅನುಸರಿಸಿದುದು. ಅಮೆರಿಕದ ಇಂಧನ ಇಲಾಖೆಯು ಅರ್ಜಿದಾರರಿಗೆ ಕೊಟ್ಟ ಸ್ಥಾನಗಳನ್ನು ಆಕೆ ಪಡೆದು, ಗೆರೆಯ ಮೇಲೆ ನಿಂತವರನ್ನೂ ಸ್ವಲ್ಪದರಲ್ಲಿ ತಪ್ಪಿಸಿಕೊಂಡವರನ್ನೂ ಹೋಲಿಸಿದಳು. ಮೊದಲ ಹಂತದ ಸಣ್ಣ ಸಹಾಯವು ಮುಂದೆ ಖಾಸಗಿ ಬಂಡವಾಳ ದೊರೆಯುವ ಸಂಭವವನ್ನು ಸುಮಾರು ಇಮ್ಮಡಿಸಿತು. ಎರಡನೆಯ ಹಂತದ ದೊಡ್ಡ ಮೊತ್ತದಿಂದ ಅಂತಹ ಫಲವು ಕಾಣಲಿಲ್ಲ. ನಿರಾಕೃತರಾದವರ ಅರ್ಜಿಗಳೂ ಅಂಕಗಳೂ ಕಡತದಲ್ಲಿ ಉಳಿದಿದ್ದುದರಿಂದಲೇ ಇದು ಸಾಧ್ಯವಾಯಿತು. ಇಲ್ಲಿಯ ಯೋಜನೆಗಳಲ್ಲಿಯೂ ಆ ಕಾಗದಗಳನ್ನು ಕಾಪಾಡುವುದೂ, ಅರ್ಜಿಯ ದಿನದಂದೇ ಸಂಸ್ಥೆಯು ಸ್ವಂತವಾಗಿ ಮಾಡಲಿರುವ ವೆಚ್ಚವನ್ನು ಬರೆಯಿಸಿಕೊಳ್ಳುವುದೂ ಹೆಚ್ಚಿನ ಖರ್ಚಿನ ಕೆಲಸವಲ್ಲ. ಮೂರು ವರ್ಷಗಳ ಬಳಿಕ ಪ್ರಶ್ನಾವಳಿಯನ್ನು ಕಳುಹಿಸಿದಾಗ, ಬಾಗಿಲು ಮುಚ್ಚಿದ ಸಂಸ್ಥೆಯಿಂದ ಒಡೆಯದೆಯೇ ಹಿಂದಿರುಗಿದ ಲಕೋಟೆಯನ್ನೂ ಉತ್ತರವೆಂದೇ ಎಣಿಕೆಗೆ ಸೇರಿಸತಕ್ಕದ್ದು.