ಅಂಕಣದಾಚೆಯ ಗೋಪಿಚಂದ್

ಆಟಗಾರನ ದೇಹಕ್ಕೆ ಬೇಡಿಕೆಯಿರುವ ಕಾಲ ಬಲು ಚಿಕ್ಕದು. ಮೂವತ್ತು ದಾಟುವಷ್ಟರಲ್ಲಿ ಮೊಣಕಾಲು ಮುನಿಯುತ್ತದೆ. ಆಮೇಲೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಆಟದ ಬಲದಿಂದ ದೊರೆತ ಮೇಜು-ಕುರ್ಚಿಯೇ ಆಸರೆ. ಹೈದರಾಬಾದಿನ ಪುಲ್ಲೇಲ ಗೋಪಿಚಂದ್ ಅವರು ಅಷ್ಟಕ್ಕೇ ತೃಪ್ತರಾಗದೆ, ಬ್ಯಾಡ್ಮಿಂಟನ್ ಶಿಕ್ಷಣವನ್ನೇ ಒಂದು ಸಂಸ್ಥೆಯಾಗಿ ಕಟ್ಟಿ ನಿಲ್ಲಿಸಿದರು.

ಅವರ ಏಳಿಗೆಯಲ್ಲಿ ಕನ್ನಡ ನಾಡಿಗೂ ಪಾಲುಂಟು. ಹೈದರಾಬಾದಿನಲ್ಲಿ ಎಸ್. ಎಂ. ಆರಿಫ್ ಅವರ ಬಳಿ ಆಟ ಕಲಿತ ಗೋಪಿಚಂದ್, ಮುಂದೆ ಬೆಂಗಳೂರಿನಲ್ಲಿ ನಮ್ಮ ಪ್ರಕಾಶ್ ಪಡುಕೋಣೆಯವರ ಗರಡಿಯಲ್ಲಿ ಪಳಗಿದವರು. 1994ರಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದು, ಆಟವೇ ಮುಗಿಯಿತೆನ್ನುವ ಸ್ಥಿತಿ ಬಂದಿತ್ತು. ಇಂಥ ಗಾಯಕ್ಕೆ ಶಸ್ತ್ರಚಿಕಿತ್ಸೆ ಅರ್ಧ ಮದ್ದು ಮಾತ್ರ. ತೊಡೆಯ ಸ್ನಾಯುಗಳನ್ನು ತಿಂಗಳುಗಟ್ಟಲೆ ಬಲಪಡಿಸುವ ತಾಳ್ಮೆಯೇ ಉಳಿದರ್ಧ. ಆ ಕಾಲಿನಲ್ಲೇ 2001ರಲ್ಲಿ ಅವರು ಚೀನಾದ ಚೆನ್ ಹಾಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು. 1980ರಲ್ಲಿ ಪಡುಕೋಣೆಯವರು ಗೆದ್ದ ತರುವಾಯ ಈ ಪ್ರಶಸ್ತಿ ಭಾರತೀಯರಿಗೆ ದಕ್ಕಿದ್ದು ಅದೇ ಮೊದಲು.

ಗೆಲುವಿನ ಬೆನ್ನಿಗೇ ಕೋಲಾ ಪಾನೀಯವೊಂದರ ಜಾಹೀರಾತು ಅರಸಿ ಬಂತು. ತಾವು ಕುಡಿಯದ, ಆರೋಗ್ಯಕ್ಕೆ ಒಳಿತಲ್ಲದ ಪಾನೀಯವನ್ನು ಮಕ್ಕಳಿಗೆ ಕುಡಿಯಿರೆನ್ನಲಾರೆನೆಂದು ಗೋಪಿಚಂದ್ ನಿರಾಕರಿಸಿದರು. ಕೈಯಲ್ಲಿ ಹಣ ತುಂಬಿದವನ ನಿರಾಕರಣೆ ಅದಾಗಿರಲಿಲ್ಲವೆಂಬುದು ಗಮನಾರ್ಹ. ಏಕೆಂದರೆ ಅಕಾಡೆಮಿಯ ಕಟ್ಟಡಕ್ಕಾಗಿ ಅದೇ ಮನುಷ್ಯ ಮುಂದೆ ಮನೆಯನ್ನು ಅಡವಿಡಬೇಕಾಯಿತು.

ಅಂದಿನ ಆಂಧ್ರಪ್ರದೇಶ ಸರಕಾರವು ಗಚ್ಚಿಬೌಲಿಯಲ್ಲಿ ಐದು ಎಕರೆ ಜಾಗವನ್ನು ಗುತ್ತಿಗೆಗೆ ನೀಡಿತ್ತು. ಜಾಗ ಸಿಕ್ಕರೆ ಸಾಕೇ? ಗುತ್ತಿಗೆಯ ನೆಲ, ಮರದ ಹಾಸಿನ ಅಂಕಣ, ಇನ್ನೂ ಶಾಲೆಗೆ ಹೋಗುತ್ತಿರುವ ಮಕ್ಕಳು: ಇವಿಷ್ಟನ್ನು ತೋರಿಸಿ ಸಾಲ ಕೇಳಿದರೆ ಯಾವ ಬ್ಯಾಂಕಿನ ಅಧಿಕಾರಿಯೂ ಕನ್ನಡಕ ತೆಗೆದು ಒರೆಸಿಕೊಂಡಾನು. ಬರಲಿರುವ ಪದಕವನ್ನು ಆಸ್ತಿಯೆಂದು ಬರೆಯಲು ಲೆಕ್ಕಪತ್ರದಲ್ಲಿ ಕಲಮೇ ಇಲ್ಲ. ಆಗ ಉದ್ಯಮಿ ನಿಮ್ಮಗಡ್ಡ ಪ್ರಸಾದ್ ಅವರು 5 ಕೋಟಿ ರೂಪಾಯಿ ಕೊಟ್ಟರು. ಬಡ್ಡಿಯ ಮಾತಿಲ್ಲ, ಬ್ಯಾಡ್ಮಿಂಟನ್‌ನಲ್ಲಿ ದೇಶಕ್ಕೊಂದು ಒಲಿಂಪಿಕ್ ಪದಕ ಬರಬೇಕೆಂಬುದೊಂದೇ ಕರಾರು. 2008ರಲ್ಲಿ ಅಕಾಡೆಮಿ ಆರಂಭವಾಯಿತು. ನಾಲ್ಕು ವರ್ಷಗಳಲ್ಲಿ, ಲಂಡನ್ ಒಲಿಂಪಿಕ್ಸಿನಲ್ಲಿ ಸೈನಾ ನೆಹ್ವಾಲ್ ಕಂಚು ತಂದು ಆ ಕರಾರನ್ನು ತೀರಿಸಿದರು.

ಇಂಥ ಸಂಸ್ಥೆಯ ನಿಜವಾದ ಬಂಡವಾಳ ಶಿಷ್ಯರೇ. ಮತ್ತು ಆ ಬಂಡವಾಳ ಎದ್ದು ಹೊರಟುಹೋಗಬಲ್ಲದು. 2014ರಲ್ಲಿ ಸೈನಾ ಗುರುವನ್ನು ಬಿಟ್ಟು ಬೆಂಗಳೂರಿನ ಪಡುಕೋಣೆ ಅಕಾಡೆಮಿಗೆ, ವಿಮಲ್ ಕುಮಾರ್ ಅವರ ಬಳಿಗೆ ಬಂದರು. ಮರುವರ್ಷ ವಿಶ್ವದ ಅಗ್ರಸ್ಥಾನಕ್ಕೇರಿದರು. ಗಚ್ಚಿಬೌಲಿಗೆ ಅದು ಸಣ್ಣ ಪೆಟ್ಟಲ್ಲ. ಆದರೂ 2017ರಲ್ಲಿ ಅವರು ಹಿಂದಿರುಗಿದಾಗ ಬಾಗಿಲು ತೆರೆದೇ ಇತ್ತು. ಬೆಂಗಳೂರು ಕೊಟ್ಟಿದ್ದನ್ನು ಹೈದರಾಬಾದು ಬೆಳೆಸಿತು, ಹೈದರಾಬಾದು ಬೆಳೆಸಿದ್ದನ್ನು ಬೆಂಗಳೂರು ಕೆಲಕಾಲ ಸಲಹಿತು ಎಂದು ಇಲ್ಲಿಯ ಕನ್ನಡಿಗರು ಎರಡೂ ಕಡೆಯಿಂದ ಹೆಮ್ಮೆಪಡಬಹುದು.

ಶಿಸ್ತಿನ ವಿಷಯದಲ್ಲಿ ಮಾತ್ರ ಗೋಪಿಚಂದ್ ರಿಯಾಯಿತಿ ಅರಿಯರು. ಅಲ್ಲಿ ಅಭ್ಯಾಸ ಆರಂಭವಾಗುವುದು ಬೆಳಗು ಹರಿಯುವ ಮುನ್ನವೇ. 2016ರ ರಿಯೋ ಒಲಿಂಪಿಕ್ಸಿಗೆ ಮುನ್ನ ಪಿ. ವಿ. ಸಿಂಧು ಅವರ ಮೊಬೈಲ್ ಫೋನನ್ನು ಮೂರು ತಿಂಗಳು ತೆಗೆದಿಟ್ಟುಕೊಂಡರು. ಐಸ್‌ಕ್ರೀಮಿಗೂ ತಡೆ ಹಾಕಿದರು. ಸಿಂಧು ಬೆಳ್ಳಿ ಗೆದ್ದ ಮೇಲೆಯೇ ಎರಡೂ ಮರಳಿ ಸಿಕ್ಕವು.